ಮೂತಿ ಕೆಳಗೆ ಮಾಡಿ ನಿಲ್ಲಿಸಿದ ಜೀಪು

ಡೀಸೆಲ್ ವಾಸನೆ ಮೂಗಿಗೆ ಬಿದ್ದರೆ ಬೇರೆಯವರಿಗೆ ಬಸ್‌ಸ್ಟ್ಯಾಂಡ್ ನೆನಪಾಗಬಹುದು. ನನಗೆ ಅಮ್ಮ ನೆನಪಾಗುತ್ತಾಳೆ. ನಗಬೇಡಿ. ಅಮ್ಮ ಅಂದರೆ ಒಗ್ಗರಣೆ, ಅಮ್ಮ ಅಂದರೆ ಮಲ್ಲಿಗೆ ಎಂದು ಬರೆಯುವುದು ರೂಢಿ. ಆದರೆ ನಮ್ಮಮ್ಮನ ಸೀರೆಯ ಅಂಚಿಗೆ ಡೀಸೆಲ್ ವಾಸನೆಯೇ ಇರುತ್ತಿತ್ತು. ಬೆಳಿಗ್ಗೆ ಅಂಗಳ ಗುಡಿಸುವಾಗ ಜೀಪಿನ ಅಡಿಗೆ ಬಗ್ಗಿ, ಅಲ್ಲಿ ಬಿದ್ದ ಎಣ್ಣೆ ಕಲೆಗೆ ಬೂದಿ ಹಾಕಿ ಉಜ್ಜುತ್ತಿದ್ದವಳು ಅವಳು. ಕಳೆದ ತಿಂಗಳು ಕೊಪ್ಪದ ನನ್ನ ಮನೆಯ ಮುಂದೆ ಮೆಕ್ಯಾನಿಕ್ ಸತೀಶ ಆ ಹಳೇ ಜೀಪಿನ ಬಾನೆಟ್ ಎತ್ತಿ ಒಂದು ಪೈಪು ಬಿಚ್ಚಿದ. ಅದೇ ವಾಸನೆ ಬಂತು. ಅವನಿಗೆಂದು ತಂದ ಕಾಫಿ ಲೋಟವನ್ನು ಕೈಯಲ್ಲೇ ಹಿಡಿದುಕೊಂಡು ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ.

ನಮ್ಮ ಮನೆ ಇದ್ದದ್ದು ಮೇಗುಂದದ ಹತ್ತಿರ, ರಸ್ತೆಯಿಂದ ಮೇಲಕ್ಕೆ ಹೋಗುವ ಒಂದು ಏರಿನ ತಲೆಯಲ್ಲಿ. ಕೆಳಗೆ ರಸ್ತೆ ಬದಿಗೆ ಅಪ್ಪನ ದಿನಸಿ ಅಂಗಡಿ. ಅಂಗಡಿಗೆ ಸಾಮಾನು ತರಲೆಂದು ಅಪ್ಪ ಆ ಜೀಪನ್ನು ಕೊಂಡಿದ್ದು, ಕೊಳ್ಳುವಾಗಲೇ ಅದು ಹಳೆಯದು. ಫೋರ್ ವೀಲ್ ಹಾಕಿದರೆ ಎಂಥ ಕೆಸರಿನಿಂದಲೂ ಗೊರಗುಟ್ಟುತ್ತಾ ಎದ್ದು ಬರುತ್ತಿತ್ತು. ನಾಲ್ಕು ಚಕ್ರವೂ ಎಳೆಯುವ ಗಾಡಿ ಅದು, ಆದರೆ ಬೆಳಿಗ್ಗೆ ಅದನ್ನು ಹೊರಡಿಸಲು ಮಾತ್ರ ಭೂಮಿಯೇ ಎಳೆಯಬೇಕಿತ್ತು. ರಾತ್ರಿ ಏರಿನ ಮೇಲೆ, ಮೂತಿ ಕೆಳಗೆ ಮಾಡಿ, ಮುಂದಿನ ಟೈರಿಗೆ ಕಲ್ಲು ಕೊಟ್ಟು ನಿಲ್ಲಿಸುವುದು. ಬೆಳಿಗ್ಗೆ ಅಪ್ಪ ಸ್ಟೇರಿಂಗ್ ಹಿಡಿದು ಕೂತು “ಕಲ್ಲು ತೆಗಿಯೇ” ಎಂದೊಡನೆ ನಾನು ಕಲ್ಲು ಎಳೆದು ಪಕ್ಕಕ್ಕೆ ಹಾರುವುದು. ಜೀಪು ಮೊದಲು ಸದ್ದಿಲ್ಲದೆ ಉರುಳುತ್ತಿತ್ತು. ಸಂಪಿಗೆ ಮರದ ಹತ್ತಿರ ಬಂದಾಗ ಅಪ್ಪ ಕ್ಲಚ್ ಬಿಡುತ್ತಿದ್ದ. ಅದು ಒಮ್ಮೆ ಮುಗ್ಗರಿಸಿ, ಕಪ್ಪು ಹೊಗೆ ಕಾರಿ, ಗುಡುಗುತ್ತಿತ್ತು. ನನ್ನ ಎಳವೆಯ ಬೆಳಗುಗಳೆಲ್ಲ ಹಾಗೆಯೇ ಶುರುವಾದವು. ಆ ಗುಡುಗು ಕೇಳಿದ ಮೇಲೆಯೇ ನಮ್ಮ ಮನೆಯಲ್ಲಿ ದೋಸೆಕಲ್ಲು ಒಲೆಗೇರುತ್ತಿತ್ತು.

ಹೀಗಾಗಿ ಅಪ್ಪನ ತಲೆಯಲ್ಲಿ ಮೂರು ತಾಲ್ಲೂಕಿನ ಇಳಿಜಾರುಗಳ ನಕ್ಷೆಯೇ ಇತ್ತು. ಶೃಂಗೇರಿಗೆ ಹೋದರೆ ಜೀಪು ಊರಿನಿಂದಾಚೆ ಒಂದು ದಿಬ್ಬದ ಮೇಲೆ; ನಾವು ಬಿಸಿಲಿನಲ್ಲಿ ಮೈಲಿ ನಡೆದು ದೇವಸ್ಥಾನ ಸೇರಬೇಕು. ಜಯಪುರದಲ್ಲಿ ಇಂಥದೇ ಅಂಗಡಿಯಲ್ಲಿ ಬಟ್ಟೆ ತೆಗೆಯುವುದು ಯಾಕೆಂದರೆ ಅದರ ಮುಂದೆ ರಸ್ತೆ ಇಳಿಯುತ್ತದೆ. ಏರಿನ ಮೇಲೆ ಮನೆ ಇದ್ದ ನೆಂಟರೊಡನೆ ನಮಗೆ ಬಳಕೆ ಜಾಸ್ತಿ, ಮಟ್ಟದಲ್ಲಿದ್ದವರೊಡನೆ ಕಮ್ಮಿ. “ಈ ಕೂಸನ್ನ ಕೊಡುವಾಗ್ಲೂ ಗಂಡಿನ ಜಾತಕ ನೋಡ್ಬೇಡ ಮಾರಾಯ, ಮನೆ ಮುಂದೆ ಇಳಿಜಾರು ಉಂಟಾ ನೋಡು” ಎಂದು ಅಂಗಡಿ ಕಟ್ಟೆಯ ಮೇಲೆ ಕೂತವರು ಅಪ್ಪನನ್ನು ರೇಗಿಸುತ್ತಿದ್ದರು. ಕಡೆಗೆ ನಾನು ಮದುವೆಯಾಗಿ ಬಂದದ್ದು ಕೊಪ್ಪದ ಒಂದು ಸಪಾಟು ಸೈಟಿನ ಮನೆಗೆ. ನನ್ನನ್ನು ನೋಡಲು ಬಂದಾಗಲೆಲ್ಲ ಅಪ್ಪ ಜೀಪನ್ನು ಆಸ್ಪತ್ರೆ ಕಡೆಯ ಏರಿನಲ್ಲಿ ಬಿಟ್ಟು, ಕೈಚೀಲ ಹಿಡಿದು ನಡೆದೇ ಬರುತ್ತಿದ್ದ.

ಕಾಯಿಲೆ ಏನೆಂದು ಹೇಳದವರೇ ಇರಲಿಲ್ಲ. ಬ್ಯಾಟರಿ ಎಂದರು, ಹೊಸ ಬ್ಯಾಟರಿ ಬಂತು. ಕೀ ತಿರುಗಿಸಿದಾಗ ಎಂಜಿನ್ ಎಬ್ಬಿಸುವ ಸೆಲ್ಫ್ ಮೋಟರ್ ಎಂದರು, ಅದನ್ನು ಬಿಚ್ಚಿ ಕೊಪ್ಪಕ್ಕೆ ಒಯ್ದು ಸರಿ ಮಾಡಿಸಿದ್ದಾಯಿತು. ಪಂಪು, ನಾಝಲ್, ಕಂಪ್ರೆಶನ್, ಒಬ್ಬೊಬ್ಬರದು ಒಂದೊಂದು. ಅಪ್ಪ ಎಲ್ಲರ ಮಾತನ್ನೂ ಕೇಳಿ, ಕಡೆಗೆ ತನಗೆ ಮೊದಲೇ ಗೊತ್ತಿತ್ತು ಎನ್ನುವ ಹಾಗೆ ತಲೆಯಾಡಿಸಿ, “ಸೆಲ್ಫೇ ಕಣ್ರೋ, ದಮ್ಮಿಲ್ಲ ಅದಕ್ಕೆ” ಎನ್ನುತ್ತಿದ್ದ. ಅಮ್ಮನನ್ನು ಯಾರೂ ಕೇಳಿರಲಿಲ್ಲ. ಒಂದು ದಿನ ಅವಳೇ ಹೇಳಿದಳು. ಅಪ್ಪನಿಗೆ ತಿಂಡಿ ತೆಗೆದುಕೊಂಡು ಅಂಗಡಿಗೆ ಇಳಿದು ಬಂದಿದ್ದಳು. ಕಟ್ಟೆಯ ಮೇಲೆ ನಾಲ್ಕೈದು ಜನ ಇದ್ದರು. “ಮೂತಿ ಕೆಳಗಿದ್ದ ದಿನ ಅಡಿಯಲ್ಲಿ ಎಣ್ಣೆ ಕಲೆ ಇರ್ತದೆ, ಗಾಡಿ ಹಿಡೀತದೆ. ಮೊನ್ನೆ ಸಾಮಾನು ಇಳಿಸಕ್ಕೆ ಮೂತಿ ಮೇಲೆ ಮಾಡಿ ನಿಲ್ಸಿದ್ರಿ, ಕಲೆನೂ ಇರಲಿಲ್ಲ, ಗಾಡಿನೂ ಹಿಡೀಲಿಲ್ಲ. ಬ್ಯಾಟರಿ, ಸೆಲ್ಫು ಎಲ್ಲ ಅದೇ ಅಲ್ದಾ? ನಮ್ಮ ಅಪ್ಪನ ಮನೆ ಗದ್ದೆ ಪಂಪಿಗೂ ಹಿಂಗೇ ಆಗ್ತಿತ್ತು. ಪೈಪಿನ ಜಾಯಿಂಟಲ್ಲಿ ಗಾಳಿ ಎಳೆದ್ರೆ ನೀರು ಹತ್ತದಿಲ್ಲ, ಇದ್ದ ನೀರೂ ವಾಪಸ್ ಹೊಳೆಗೆ ಇಳಿದು ಹೋಗ್ತದೆ. ಎಣ್ಣೆ ಹೊರಗೆ ಬರೋ ದಾರೀಲಿ ಗಾಳಿ ಒಳಗೆ ಹೋಗದಿಲ್ವಾ?”

ಇಷ್ಟುದ್ದ ಮಾತನ್ನು ಅಮ್ಮ ನಾಲ್ಕು ಗಂಡಸರ ಮುಂದೆ ಆಡಿದ್ದನ್ನು ನಾನು ಅದಕ್ಕೆ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಅಪ್ಪ, “ನಿಮ್ಮನೆ ಪಂಪಿನ ಜಾಯಿಂಟಿಗೆ ಸಗಣಿ ಮೆತ್ತತಿದ್ರಲ್ಲ, ಜೀಪಿಗೂ ಮೆತ್ತನಾ ಹಾಗಾದ್ರೆ?” ಎಂದ. ಕಟ್ಟೆಯವರೆಲ್ಲ ಹೋ ಎಂದು ನಕ್ಕರು. ನಾನೂ ನಕ್ಕೆ. ಎಲ್ಲರಿಗಿಂತ ಗಟ್ಟಿಯಾಗಿ, ಅಪ್ಪನ ಮುಖ ನೋಡಿಕೊಂಡು ನಕ್ಕೆ. ಅಮ್ಮ ಖಾಲಿ ತಟ್ಟೆ ತೆಗೆದುಕೊಂಡು ಏರು ಹತ್ತಿ ಹೋದಳು.

ಅವಳು ಮಾತಾಡಿದ್ದು ಜೀಪಿನ ಚಿಂತೆಗಲ್ಲ. ಅವಳ ತವರು ನರಸಿಂಹರಾಜಪುರದ ಕಡೆ, ಮುತ್ತಿನಕೊಪ್ಪದಲ್ಲಿ. ಗದ್ದೆ ಬಯಲಿನ ನಡುವೆ ಮನೆ, ಅಂಗಳ ಅಂಗೈಯಷ್ಟು ಮಟ್ಟ. ಒಮ್ಮೆ ಅಲ್ಲಿಗೆ ಹಬ್ಬಕ್ಕೆ ಹೋದಾಗ ಬೆಳಿಗ್ಗೆ ನಿಲ್ಲಿಸಿದ ಜೀಪು ಸಂಜೆ ಹೊರಡಲಿಲ್ಲ. ಇದ್ದಬದ್ದ ಗಂಡಸರೆಲ್ಲ ಸೇರಿ, ಕಚ್ಚೆ ಕಟ್ಟಿ, ಅಂಗಳದ ಸುತ್ತ ಮೂರು ಸುತ್ತು ತಳ್ಳಿದರು. ಜಗಲಿಯ ಮೇಲೆ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. “ಅಳಿಯಂದ್ರು ಬಂದ್ರೆ ಜೋಡೆತ್ತು ಕಟ್ಟಿ ಇಟ್ಟಿರ್ಬೇಕು ಮಾರಾಯ್ರೆ” ಎಂದ ದೊಡ್ಡಮಾವ, ಅಮ್ಮನ ಅಣ್ಣ. ತಮಾಷೆಗೆ ಅಂದದ್ದು. ಅಪ್ಪ ಅದನ್ನು ಎದೆಯಲ್ಲಿ ಇಟ್ಟುಕೊಂಡ. ಆಮೇಲೆ ಅಮ್ಮ ತವರಿನ ಮಾತೆತ್ತಿದರೆ ಅವನದು ಒಂದೇ ಉತ್ತರ: “ಅಲ್ಲಿ ಇಳಿಜಾರಿಲ್ಲ.” ಬಸ್ಸಿಗೆ ಹೋಗಿ ಬರುತ್ತೇನೆಂದರೆ, “ಮನೇಲಿ ಜೀಪ್ ಇಟ್ಕೊಂಡು ಬಸ್ ಕಾಯ್ತಾ ನಿಲ್ತೀಯಾ? ನೋಡಿದವ್ರು ಎಂತ ಹೇಳ್ತಾರೆ?” ಜೀಪು ಇಲ್ಲದ ಮನೆಯ ಹೆಂಗಸರು ಕೊಪ್ಪದಲ್ಲಿ ಒಂದು ಬಸ್ಸು, ಎನ್.ಆರ್. ಪುರದಲ್ಲಿ ಒಂದು ಬಸ್ಸು ಹಿಡಿದು, ಮಧ್ಯಾಹ್ನದ ಊಟಕ್ಕೆ ತವರು ಸೇರುತ್ತಿದ್ದರು. ನಮ್ಮಮ್ಮ ಜೀಪಿನ ಯಜಮಾನಿಯಾಗಿ ಮನೆಯಲ್ಲೇ ಉಳಿದಳು. ಅಪ್ಪ ಕೆಟ್ಟವನಾಗಿರಲಿಲ್ಲ. ಅವಳಿಗೆ ಜ್ವರ ಬಂದರೆ ಗಂಜಿ ಕಾಸಿ ಕೊಡುತ್ತಿದ್ದವನು, ಜಯಪುರದಿಂದ ಅವಳಿಗಿಷ್ಟದ ಖಾರಾ ಮರೆಯದೆ ತರುತ್ತಿದ್ದವನು. ಆದರೆ ಆ ಮೂರು ಸುತ್ತು ಅವನನ್ನು ಕಟ್ಟಿಹಾಕಿತು, ಅವನು ಅವಳನ್ನು ಕಟ್ಟಿಹಾಕಿದ.

ನನಗೆ ಹನ್ನೊಂದು ವರ್ಷವಾಗಿದ್ದಾಗ ಮುತ್ತಿನಕೊಪ್ಪದ ಅಜ್ಜಿ ಹಾಸಿಗೆ ಹಿಡಿದಳು. “ಸೆಲ್ಫ್ ಸರಿ ಮಾಡ್ಸಿ ಹೋಗಣ” ಎಂದ ಅಪ್ಪ. ಸೆಲ್ಫು ಕೊಪ್ಪಕ್ಕೆ ಹೋಯಿತು, ಬಂತು, ಮತ್ತೆ ಹೋಯಿತು. ಅಮ್ಮ ಪ್ರತಿದಿನ ಬೆಳಿಗ್ಗೆ ತಲೆ ಬಾಚಿ, ಒಳ್ಳೆ ಸೀರೆಯುಟ್ಟು ಕೆಲಸ ಮಾಡುತ್ತಿದ್ದಳು. ಯಾವ ಗಳಿಗೆಯಲ್ಲಿ ಹೊರಡು ಎಂದರೂ ಹೊರಡಬೇಕಲ್ಲ. ಹೀಗೆ ಎರಡು ವಾರ ಕಳೆದ ಮೇಲೆ ಅಂಗಡಿಗೆ ಫೋನು ಬಂತು, ಅಜ್ಜಿ ಹೋದಳು ಎಂದು. ಅಪ್ಪ ಅಂಗಡಿ ಬಾಗಿಲು ಹಾಕಿ ಏರು ಹತ್ತಿ ಬಂದ. ನಾನು ಕಲ್ಲು ಎಳೆದೆ.

ಮುತ್ತಿನಕೊಪ್ಪದ ಅಂಗಳದಲ್ಲಿ ಅಪ್ಪ ಎಂಜಿನ್ ನಿಲ್ಲಿಸಲಿಲ್ಲ. ಅಮ್ಮ ಇಳಿದು ಓಡಿದಳು. ಅಪ್ಪ ಒಮ್ಮೆ ಒಳಗೆ ಹೋಗಿ, ಕೈಮುಗಿದು ಬಂದು, ಮತ್ತೆ ಜೀಪಿನಲ್ಲಿ ಕೂತ. ದೊಡ್ಡಮಾವ ಬಂದು, “ಬಂದ್ ಮಾಡಿ ಇಳೀರಿ ಮಾರಾಯ್ರೆ, ಇಷ್ಟು ಜನ ಇದೀವಿ, ತಳ್ಳನ” ಎಂದ. ಅಪ್ಪ ಅವನ ಮುಖ ನೋಡದೆ, “ಬಂದ್ ಮಾಡಿದ್ರೆ ಹಿಡಿಯದಿಲ್ಲ” ಎಂದ. ಎರಡು ಗಂಟೆ ಹೊತ್ತು ಅದು ಹಾಗೇ ಗುಡುಗುಡು ಎನ್ನುತ್ತಿತ್ತು. ಗೋಡೆಯ ಗೂಡಿನಲ್ಲಿದ್ದ ಹಿತ್ತಾಳೆ ಚೊಂಬಿನ ಮುಚ್ಚಳ ಅದರ ಜೊತೆ ನಡುಗುತ್ತಿತ್ತು. ಅಜ್ಜಿಯ ಪಕ್ಕ ಕೂತ ಅಮ್ಮ ಅಳುವುದು ನನಗೆ ಕಾಣುತ್ತಿತ್ತು, ಕೇಳಿಸುತ್ತಿರಲಿಲ್ಲ. ಯಾರೋ ಏನೋ ಹೇಳಿದರೆ ಮತ್ತೊಬ್ಬರು “ಆಂ?” ಎನ್ನುತ್ತಿದ್ದರು. ಹೆಣ ಎತ್ತಿದ ಕೂಡಲೇ ಅಮ್ಮ ಎದ್ದು ಬಂದಳು. ಇವತ್ತೊಂದು ರಾತ್ರಿ ಇರು ಎಂದು ದೊಡ್ಡಮಾವನ ಹೆಂಡತಿ ಕೈ ಹಿಡಿದರೆ, “ಇಲ್ಲ, ಅವರು ಡೀಸೆಲ್ ಸುಡ್ತಾ ಕೂತಿದಾರೆ” ಎಂದು ಕೈ ಬಿಡಿಸಿಕೊಂಡಳು. ಆ ದಿನ ಅಪ್ಪ ಊಟ ಮಾಡಲಿಲ್ಲ ಎಂಬುದನ್ನೂ ಹೇಳಬೇಕು.

ಆಮೇಲೆ ಅಮ್ಮ ತವರಿನ ಹೆಸರೆತ್ತಲಿಲ್ಲ. ಕಲೆಗೆ ಬೂದಿ ಹಾಕುವುದನ್ನು ಮಾತ್ರ ಬಿಡಲಿಲ್ಲ. ಅವಳು ಹೋಗಿ ಆರು ವರ್ಷವಾಯಿತು. ಅಪ್ಪ ಹೋದ ವರ್ಷ ಹೋದ. ರಸ್ತೆ ಅಗಲ ಮಾಡುವಾಗ ಅಂಗಡಿ, ಮನೆ, ಸಂಪಿಗೆ ಮರ ಎಲ್ಲ ಹೋಗಿ, ಆ ಏರನ್ನೇ ಕಡಿದು ಮಟ್ಟ ಮಾಡಿದರು. ಮೊನ್ನೆ ಆ ದಾರಿಯಲ್ಲಿ ಬಂದಾಗ ನಮ್ಮ ಅಡುಗೆಮನೆ ಗಾಳಿಯಲ್ಲಿ ಎಲ್ಲಿತ್ತು ಎಂದು ತಲೆಯೆತ್ತಿ ಹುಡುಕಿದೆ. ಉಳಿದದ್ದು ಜೀಪೊಂದು. ಅದನ್ನು ಕೊಪ್ಪಕ್ಕೆ ಎಳೆಸಿಕೊಂಡು ಬಂದು ನನ್ನ ಸಪಾಟು ಅಂಗಳದಲ್ಲಿ ನಿಲ್ಲಿಸಿದೆ. ಅಲ್ಲಿ ಅದು ಹಿಡಿಯುವ ಮಾತೇ ಇರಲಿಲ್ಲ.

ಸತೀಶ ಡಾಕ್ಟರ ಹಾಗೆ ಪ್ರಶ್ನೆ ಕೇಳಿದ. ಸ್ವಲ್ಪ ಹೊತ್ತು ನಿಲ್ಲಿಸಿದರೆ ಹಿಡಿಯುತ್ತಿತ್ತೇ? ರಾತ್ರಿ ನಿಲ್ಲಿಸಿದಾಗ ಮಾತ್ರ ಹೀಗೋ? “ಮೂತಿ ಯಾವ ಕಡೆ ಇರ್ತಿತ್ತು ಅಕ್ಕಾ?” “ಕೆಳಗೆ” ಎಂದೆ. ಅವನು ಟ್ಯಾಂಕಿನಿಂದ ಬರುವ ಪೈಪಿನ ಮಧ್ಯೆ ಒಂದು ಗೇಣುದ್ದ ಪಾರದರ್ಶಕ ಪ್ಲಾಸ್ಟಿಕ್ ಪೈಪು ಸೇರಿಸಿ, ಎಂಜಿನ್ನಿಗೆ ಎಣ್ಣೆ ಹತ್ತಿಸುವ ಕೈಪಂಪು ಒತ್ತಿ, “ನೋಡಿ ಇಲ್ಲಿ” ಎಂದ. ಡೀಸೆಲ್ಲಿನ ಜೊತೆ ಗುಳ್ಳೆಗಳು ಒಂದರ ಹಿಂದೆ ಒಂದು ಮಣಿ ಪೋಣಿಸಿದಂತೆ ಓಡುತ್ತಿದ್ದವು. “ಬ್ಯಾಟರಿ, ಸೆಲ್ಫು ಯಾವ್ದೂ ಅಲ್ಲ. ಜಾಯಿಂಟಲ್ಲಿ ಸಣ್ಣ ಬಿರುಕು. ಮೂತಿ ಕೆಳಗಿದ್ರೆ ಟ್ಯಾಂಕು ಮೇಲಾಗ್ತದೆ, ಎಣ್ಣೆ ಇಂಜಿನ್ ಕಡೇನೇ ಇರ್ತದೆ, ಒಂದೆರಡು ಹನಿ ತೊಟ್ಟಿಕ್ತದೆ ಅಷ್ಟೆ. ಮಟ್ಟದಲ್ಲಿಟ್ರೆ ಗಾಳಿ ಎಳ್ಕೊಂಡು ಎಣ್ಣೆ ವಾಪಸ್ ಟ್ಯಾಂಕಿಗೆ ಇಳಿದು ಹೋಗ್ತದೆ. ಉರುಳಿಸೋದೇ ಬೇಕಿರಲಿಲ್ಲ ಅಕ್ಕಾ, ಮೂತಿ ಕೆಳಗಿದ್ದಾಗ ಕೀ ತಿರುಗಿಸಿದ್ರೂ ಹಿಡೀತಿತ್ತು. ಗದ್ದೆ ಪಂಪಿನ ಹಂಗೇ ಇದು.”

ಬೆರಳುದ್ದದ ಪೈಪು, ಎರಡು ವಾಷರು. ಕಾಫಿ ಆರುವುದರೊಳಗೆ ಕೆಲಸ ಮುಗಿಯಿತು. ನನಗೆ ಅಪ್ಪನ ಮೇಲೆ ಬಂದ ಸಿಟ್ಟನ್ನು ಏನು ಮಾಡಬೇಕೋ ತಿಳಿಯಲಿಲ್ಲ. ಸತ್ತವರ ಮೇಲಿನ ಸಿಟ್ಟಿಗೆ ಹೋಗಲು ಜಾಗವಿರುವುದಿಲ್ಲ. ಅದಕ್ಕಿಂತ ಹೆಚ್ಚು ಸಂಕಟವಾದದ್ದು ಅಂಗಡಿ ಕಟ್ಟೆಯ ನನ್ನ ನಗುವಿನಿಂದ. ನೀನು ಹೇಳಿದ್ದೇ ಸರಿ ಅಮ್ಮಾ ಎಂದು ಹೇಳೋಣವೆಂದರೆ ಅವಳಿಲ್ಲ.

ಮರುದಿನ ಮುತ್ತಿನಕೊಪ್ಪಕ್ಕೆ ಹೊರಟೆ, ಅದೇ ಜೀಪಿನಲ್ಲಿ, ಒಬ್ಬಳೇ. ದೊಡ್ಡಮಾವ ಜಗಲಿಯಲ್ಲಿ ಕೂತಿದ್ದ, ಎಂಬತ್ತು ದಾಟಿದೆ. ಸದ್ದು ಕೇಳಿ ಎದ್ದು ನಿಂತು, ಅಂಗಳದಲ್ಲಿ ಗುಡುಗುತ್ತಿದ್ದ ಗಾಡಿಯನ್ನೂ ನನ್ನನ್ನೂ ನೋಡಿ, “ಬಂದ್ ಮಾಡದಿಲ್ಲ ಅಲ್ದಾ?” ಎಂದ. ನಾನು ಬಂದ್ ಮಾಡುವ ನಾಬ್ ಎಳೆದೆ. ಎಂಜಿನ್ ಎರಡು ಸಲ ಕೊಸರಾಡಿ ನಿಂತಿತು. ಗದ್ದೆಯ ಕಡೆಯಿಂದ ನೀರು ಹರಿಯುವ ಸದ್ದು ಕೇಳಿಸಿತು, ಹಿತ್ತಿಲಲ್ಲಿ ಯಾರೋ ಬಟ್ಟೆ ಒಗೆಯುವುದು ಕೇಳಿಸಿತು. ಅಜ್ಜಿ ಹೋದ ದಿನ ಅಮ್ಮನಿಗೆ ಬೇಕಾಗಿದ್ದದ್ದು ಇಷ್ಟೇ ನಿಶ್ಶಬ್ದ.

ಊಟವಾಯಿತು, ಮಾತಾಯಿತು, ಸಂಜೆಯಾಯಿತು. ನಾನು ಹೊರಡುತ್ತೇನೆಂದಾಗ ದೊಡ್ಡಮಾವ ಯಾರಿಗೂ ಹೇಳದೆಯೇ ಪಂಚೆ ಎತ್ತಿ ಕಟ್ಟಿ ಜೀಪಿನ ಹಿಂದೆ ಹೋಗಿ ನಿಂತ. ಅವನನ್ನು ನೋಡಿ ಅವನ ಮಗ, ಗದ್ದೆ ಕೆಲಸಕ್ಕೆ ಬಂದಿದ್ದ ಇಬ್ಬರು, ಎಲ್ಲ ಬಂದು ಕೈ ಕೊಟ್ಟರು. “ಬೇಡ ಮಾವಾ” ಎಂದೆ. “ಸುಮ್ನಿರೇ, ನಂಗೊತ್ತಿಲ್ವಾ ಇದರ ಹಣೆಬರಹ” ಎಂದ. ನಾನು ಕೀ ತಿರುಗಿಸಿದೆ. ಅವರ ಕೈಗಳು ಇನ್ನೂ ಹಿಂದಿನ ತಗಡಿನ ಮೇಲೆ ಇದ್ದ ಹಾಗೆಯೇ, ಆ ಮಟ್ಟದ ಅಂಗಳದಲ್ಲಿ, ಅದು ಒಂದೇ ಸಲಕ್ಕೆ ಹಿಡಿಯಿತು. “ಹೋ! ಹಿಡೀತಲ್ಲೇ!” ಎಂದು ದೊಡ್ಡಮಾವ ಕೈ ತಟ್ಟಿದ. ಹಿಡಿಯದೇ ಹೋಗಿದ್ದರೆ ಚೆನ್ನಾಗಿತ್ತು ಎನ್ನಿಸಿತು ನನಗೆ. ಬಂದ್ ಮಾಡಿದರೆ ಹಿಡಿಯದಿಲ್ಲ ಎಂದು ಆ ದಿನ ಅಪ್ಪ ಹೇಳಿದ್ದು ನಿಜವೆಂದಾದರೂ ಆಗುತ್ತಿತ್ತು. ಕಣ್ಣು ಒರೆಸಿಕೊಂಡು ಮತ್ತೆ ನಾಬ್ ಎಳೆದೆ. ಜೀಪಿನಿಂದ ಇಳಿದು, “ಮಾವಾ, ಇವತ್ತು ರಾತ್ರಿ ಇಲ್ಲೇ ಉಳ್ಕೊಳ್ತೀನಿ” ಎಂದೆ.