ನೆಲದಡಿಯ ಬಾವಿ, ಚಿಕ್ಕಮ್ಮನ ಬಾಯಿ

ಚಿಕ್ಕಮ್ಮನಿಗೆ ಮೊದಲಿನಿಂದಲೂ ಕೆದಕುವ ಚಟ. ಬಸ್ಸಿನಲ್ಲಿ ಪಕ್ಕ ಕೂತವರ ಚೀಲದಲ್ಲೇನಿದೆ ಎಂದು ತಿಳಿಯದೆ ಇಳಿದವಳಲ್ಲ. ಮನೆ ಕೊಡಿಸುವ ದಲ್ಲಾಳಿಯಾಗುತ್ತೇನೆ ಎಂದಾಗ ಅಮ್ಮ, ಅಂದರೆ ಅವಳ ಅಕ್ಕ, "ಮುಗೀತು, ಊರ ಗುಟ್ಟೆಲ್ಲ ಇನ್ನು ಬೀದಿಪಾಲು" ಎಂದು ನಕ್ಕಿದ್ದಳಂತೆ. ಆದರೆ ಇಪ್ಪತ್ತೆರಡು ವರ್ಷಗಳಲ್ಲಿ ಅವಳ ಬಾಯಿಂದ ಒಂದೂ ಜಾರಿಲ್ಲ. ಈಗ ಹೇಳಹೊರಟ ಸಂಗತಿಯೂ ನನಗೆ ಅವಳಿಂದ ತಿಳಿದದ್ದಲ್ಲ. ಮನೆ ಮಾರಿದ ಗಡಿಯಾರದಜ್ಜ ಮತ್ತು ಕೊಂಡ ಬಣ್ಣದಾಕೆ ಹೇಳಿದ್ದನ್ನು ಜೋಡಿಸಿಕೊಂಡಿದ್ದೇನೆ.

ಅಜ್ಜ ಕೈಗಡಿಯಾರ ರಿಪೇರಿ ಮಾಡುತ್ತಿದ್ದವರು. ಬೆರಳು ನಡುಗಲು ಶುರುವಾದ ಮೇಲೆ ಅಂಗಡಿ ಮುಚ್ಚಿ, ತಂಗಿಯ ಊರಿಗೆ ಹೋಗಲು ತೀರ್ಮಾನಿಸಿ, ಮನೆ ಮಾರಿಕೊಡಲು ಚಿಕ್ಕಮ್ಮನಿಗೆ ಹೇಳಿದರು. ನೂಲಿಗೆ ಬಣ್ಣ ಹಾಕುವಾಕೆ ಆಗಲೇ ಆರು ತಿಂಗಳಿಂದ ಚಿಕ್ಕಮ್ಮನ ಜೊತೆ ಮನೆ ಹುಡುಕುತ್ತಿದ್ದಳು. ಹಾಗಾಗಿ ಎರಡೂ ಕಡೆಗೆ ಒಬ್ಬಳೇ ದಲ್ಲಾಳಿ. ಹೀಗಾದಾಗ ಇಬ್ಬರಿಗೂ ವಿಷಯ ತಿಳಿಸಿ ಬರಹದಲ್ಲಿ ಒಪ್ಪಿಗೆ ಪಡೆಯಬೇಕೆಂಬುದು ನಿಯಮ. ಚಿಕ್ಕಮ್ಮ ಇಬ್ಬರಿಗೂ ಬೇರೆಬೇರೆಯಾಗಿ ಕಾಗದ ಓದಿ ಹೇಳಿದಳು.

"ನಿಮ್ಮ ಕೊನೇ ಬೆಲೆ ಅವರಿಗೆ ಹೇಳಲ್ಲ, ಅವರದ್ದು ನಿಮಗೆ ಹೇಳಲ್ಲ. ಯಾಕೆ, ಎಷ್ಟು ಅವಸರ, ಅದೂ ಹೇಳಲ್ಲ. ಆದ್ರೆ ಮನೇಲಿ ಏನಾದ್ರೂ ಊನ ಇದ್ರೆ ಮುಚ್ಚಿಡೋ ಹಾಗಿಲ್ಲ."

ಇಬ್ಬರೂ ಸಹಿ ಹಾಕಿದರು, ಚಿಕ್ಕಮ್ಮನೂ ಹಾಕಿದಳು.

ಮರುದಿನ ಮನೆ ಅಳೆಯಲು ಹೋದ ಚಿಕ್ಕಮ್ಮನಿಗೆ ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಕಾಲಡಿಯ ಸದ್ದು ಬೇರೆಯಾಗಿ ಕೇಳಿತು. ಚಪ್ಪಲಿ ಬಿಟ್ಟು ಹಿಮ್ಮಡಿಯಿಂದ ಕುಟ್ಟಿದಳು. ಮೊಣಕಾಲೂರಿ ಕಿವಿಯಿಟ್ಟಳು.

"ಅಜ್ಜ, ಇದರ ಕೆಳಗೇನಿದೆ?"

"ನೆಲದ ಕೆಳಗೆ ಏನಿರತ್ತೆ ತಾಯಿ? ಮಣ್ಣು."

"ಮಣ್ಣು ಹೀಗೆ ಮಾತಾಡಲ್ಲ."

ಅಜ್ಜ ಒಪ್ಪಿಕೊಂಡರು. ಅಲ್ಲೊಂದು ಬಾವಿ. ಅವರ ಅಪ್ಪ ಚಪ್ಪಡಿ ಎಳೆದು ಮುಚ್ಚಿ ಮೇಲೆ ಕೋಣೆ ಕಟ್ಟಿದ್ದರು. "ಹೇಳಬೇಡಮ್ಮ, ಯಾರೂ ಕೊಳ್ಳಲ್ಲ. ಗುಟ್ಟು ಕಾಪಾಡ್ತೀನಿ ಅಂತ ಸಹಿ ಹಾಕಿಲ್ವ ನೀನು?"

"ನಿಮ್ಮ ಗುಟ್ಟು ಕಾಪಾಡ್ತೀನಿ. ಇದು ಮನೆ ಗುಟ್ಟು. ನೀವು ಹೇಳಲ್ಲ ಅಂದ್ರೆ ನಾನು ಇಬ್ಬರ ಕೆಲಸಾನೂ ಬಿಡ್ತೀನಿ."

ಎರಡು ದಿನ ಮುನಿಸಿಕೊಂಡಿದ್ದ ಅಜ್ಜ ಮೂರನೆಯ ದಿನ ಬಾವಿಯ ವಿಷಯ ಬರೆದುಕೊಟ್ಟರು. ಚಿಕ್ಕಮ್ಮ ಅದನ್ನು ಬಣ್ಣದಾಕೆಗೆ ಓದಿ ಹೇಳಿ, ಮುಖ ಬಾಡುತ್ತದೆಂದು ಕಾದಳು. ಆಕೆ ಕುರ್ಚಿಯಿಂದ ಎದ್ದೇಬಿಟ್ಟಳು.

"ಬಾವೀನಾ? ಅಕ್ಕಾ, ನಲ್ಲಿ ನೀರಲ್ಲಿ ನನ್ನ ನೀಲಿ ಕೂರೋದೇ ಇಲ್ಲ. ಈ ಮನೆಗೆ ಇನ್ನೂ ಜಾಸ್ತಿ ಬೇಕಾದ್ರೂ ಕೊಡ್ತೀನಿ. ಅಜ್ಜನಿಗೆ ಹೇಳಬೇಡಿ!"

ಅದೇ ಸಂಜೆ ಅಜ್ಜನ ಫೋನು. "ಬಾವಿ ಅಂದ್ಮೇಲೆ ಬೆಲೆ ಇಳಿಸ್ಲೇಬೇಕು. ತುಂಬಾ ಇಳಿಸೋಕೂ ತಯಾರಿದೀನಿ. ಆದ್ರೆ ಅದನ್ನ ಈಗಲೇ ಅವರಿಗೆ ಹೇಳ್ಬೇಡ."

ಒಬ್ಬರು ಏರಲು ಸಿದ್ಧ, ಒಬ್ಬರು ಇಳಿಯಲು ಸಿದ್ಧ. ನಡುವೆ ಚಿಕ್ಕಮ್ಮ, ಅಡಕತ್ತರಿಯಲ್ಲಿ ಸಿಕ್ಕಂತೆ. ಆ ವಾರ ಅವಳು ನಮ್ಮ ಮನೆಗೆ ಬಂದಾಗ ಮೂರು ಸಲ ಬಾಯಿ ತೆರೆದು ಮೂರು ಸಲವೂ ನೀರು ಕುಡಿದದ್ದು ನನಗೆ ನೆನಪಿದೆ. "ಹೊಟ್ಟೆ ಸರಿ ಇಲ್ವೇನೆ?" ಎಂದು ಅಮ್ಮ ಕೇಳಿದ್ದಳು.

ಕೊನೆಗೆ ಚಿಕ್ಕಮ್ಮ ಇಬ್ಬರನ್ನೂ ಅದೇ ಹಿಂದಿನ ಕೋಣೆಯಲ್ಲಿ ಎದುರಾಬದುರು ಕೂರಿಸಿದಳು. ಅವರಿಬ್ಬರ ಮೊದಲ ಭೇಟಿ ಅದು. "ಬೆಲೆ ನೀವೇ ಮಾತಾಡ್ಕೊಳ್ಳಿ. ನಾನು ಬರ್ಕೊಳ್ತೀನಿ ಅಷ್ಟೆ" ಎಂದು ಪೆನ್ನು ಹಿಡಿದಳು.

ಅಜ್ಜ ಕೆಮ್ಮಿದರು. "ಬಾವಿಯಿಂದ ನಿಮಗೆ ತೊಂದರೆ ಆಗತ್ತೆ. ಅದಕ್ಕೆ..." ಎನ್ನುತ್ತಾ ತಡೆದರು. ಜೀವಮಾನವಿಡೀ ಸಾಸಿವೆಯಷ್ಟು ಸ್ಕ್ರೂ ಹುಡುಕಿದ ಕಣ್ಣು ಮೇಜಿನ ಮೇಲಿದ್ದ ಆಕೆಯ ಕೈಗಳಿಗೆ ಹೋಯಿತು. ಉಗುರಿನ ಸಂದಿಯಿಂದ ಮಣಿಕಟ್ಟಿನವರೆಗೆ ನೀಲಿ.

"ಏನು ಕೆಲಸಮ್ಮ ನಿಮ್ಮದು?"

ಆಕೆ ಚಿಕ್ಕಮ್ಮನ ಕಡೆ ನೋಡಿದಳು. ಚಿಕ್ಕಮ್ಮ ಕಾಗದದ ಕಡೆ. "ನೂಲಿಗೆ ಬಣ್ಣ ಹಾಕ್ತೀನಿ" ಎಂದ ಆಕೆಗೆ ತಡೆಯಲಾಗದೆ ನಗು ಬಂತು. ಬಣ್ಣಕ್ಕೆ ಬಾವಿ ನೀರು ಬೇಕೆಂಬುದು ಹೊಳೆದು ಅಜ್ಜನೂ ನಕ್ಕರು. ಬೆಲೆ ಅಜ್ಜ ಮೊದಲು ಹೇಳಿದ ಜಾಗದಿಂದ ಆಚೆಗೂ ಸರಿಯಲಿಲ್ಲ, ಈಚೆಗೂ ಸರಿಯಲಿಲ್ಲ.

ಚಪ್ಪಡಿ ತೆಗೆದ ದಿನ ನಾನೂ ಹೋಗಿದ್ದೆ. ತಂಗಿಯ ಊರಿನಿಂದ ಅಜ್ಜನೂ ಬಂದಿದ್ದರು. ಚಿಕ್ಕಮ್ಮ ಹೊಟ್ಟೆಯ ಮೇಲೆ ಮಲಗಿ ಟಾರ್ಚು ಹಾಕಿ, ಎಷ್ಟು ಆಳ, ಒರತೆ ಯಾವ ಕಡೆಯಿಂದ, ಕಟ್ಟಿದ್ದು ಯಾವ ಕಲ್ಲಿನಲ್ಲಿ ಎಂದು ಅಜ್ಜನ ಪ್ರಾಣ ತಿಂದಳು. ಅವರ ಅಪ್ಪ ಬಾವಿ ಯಾಕೆ ಮುಚ್ಚಿದರು ಎಂದೂ ಕೇಳಿದಳು. ಅಜ್ಜ ಅವಳೊಬ್ಬಳನ್ನೇ ಕಿಟಕಿಯ ಬಳಿ ಕರೆದು ಮೆಲ್ಲಗೆ ಏನೋ ಹೇಳಿದರು.

ದಾರಿಯಲ್ಲಿ ಕೇಳಿದೆ. "ಏನಂದ್ರು?"

"ಬಿಸಿಲು ಜಾಸ್ತಿ, ಬೇಗ ನಡಿ" ಎಂದಳು ಚಿಕ್ಕಮ್ಮ.