ಚಿಲಕದ ಮೇಲಿಂದ ನನ್ನ ಕೈ ತೆಗೆಸಿದವರು

ದೆವ್ವ, ಭೂತ, ಪವಾಡಗಳ ವಿಷಯದಲ್ಲಿ ನನ್ನ ನಿಲುವು ಏನೆಂಬುದು ಹೊಸಪೇಟೆಯ ನಮ್ಮ ಓಣಿಗೆಲ್ಲ ಗೊತ್ತಿದ್ದದ್ದೇ. ಹುಣಸೆಮರದ ಕೆಳಗೆ ಬಿಳಿ ಸೀರೆ ಕಂಡೆ ಎಂದು ಯಾರಾದರೂ ಹೇಳಿದರೆ, ಬೆಳಕು ಎಷ್ಟಿತ್ತು, ಎಷ್ಟು ದೂರದಿಂದ ನೋಡಿದಿರಿ, ಬೆಳಕು ಯಾವ ಕಡೆಯಿಂದ ಬೀಳುತ್ತಿತ್ತು ಎಂದೆಲ್ಲ ಫೋಟೋಗ್ರಾಫರನ ಪ್ರಶ್ನೆ ಕೇಳಿ ಆ ಬಡಪಾಯಿಯನ್ನೂ ಅವನ ದೆವ್ವವನ್ನೂ ಒಟ್ಟಿಗೇ ಓಡಿಸುತ್ತಿದ್ದೆ. ಅಂಥವನು ಇದನ್ನು ಬರೆಯಲು ಕೂತಿದ್ದೇನೆ. ಓದುವವರು ನಗಬಹುದು, ನನ್ನ ಅಭ್ಯಂತರವಿಲ್ಲ. ಆ ದಿನ ಹುಟ್ಟಿದ ಭಯ ಎಂದೋ ಆರಿಹೋಗಿದೆ. ಉಳಿದಿರುವುದು ನಾಚಿಕೆ.

ನೀಲಗಿರಿ ಬೆಟ್ಟದ ಮೇಲೆ ಸರ್ಕಾರವೇ ಫೋಟೋ ಫಿಲ್ಮು ತಯಾರಿಸುತ್ತಿದ್ದ ಕಾಲವೊಂದಿತ್ತು. ಈಗಿನವರಿಗೆ ಹೇಳಿದರೆ ಸರ್ಕಾರ ಹಪ್ಪಳ ಲಟ್ಟಿಸುತ್ತಿತ್ತು ಎಂದಂತೆ ಕೇಳಿಸುತ್ತದೆ. ಆ ಫಿಲ್ಮಿಗೆ ಹೊಸಪೇಟೆ, ಸಂಡೂರು, ಕಂಪ್ಲಿ ಸೀಮೆಗೆ ಸ್ಟುಡಿಯೋ ಇಟ್ಟಿದ್ದ ನಾನೇ ಏಜೆಂಟ್. ಹೊರದೇಶದ ಮಾಲು ಸುಲಭಕ್ಕೆ ಸಿಗದ ದಿನಗಳವು. ಸಂಡೂರಿನ ಗಣಿ ಕೆಲಸಗಾರರ ಮುಖಗಳಾಗಲಿ, ಆಸ್ಪತ್ರೆಯ ಎಕ್ಸ್‌ರೇಯಲ್ಲಿ ಮುರಿದ ಎಲುಬುಗಳಾಗಲಿ, ಹಂಪಿಗೆ ಬಂದ ಹೊಸ ಜೋಡಿಗಳಾಗಲಿ, ಎಲ್ಲರೂ ನನ್ನ ಕೈ ದಾಟಿ ಹೋದ ಫಿಲ್ಮಿನ ಮೇಲೆಯೇ ಮೂಡಬೇಕಿತ್ತು. ನಾನು ಗಲ್ಲಾಪೆಟ್ಟಿಗೆಯ ಹಿಂದೆ ಕೂರುತ್ತಿದ್ದ ಗತ್ತನ್ನು ಕಂಡಿದ್ದರೆ ವಿಜಯನಗರದ ಅರಸರು ಎದ್ದು ಬಂದು ಕಪ್ಪ ಒಪ್ಪಿಸುತ್ತಿದ್ದರು.

ಆಮೇಲೆ ಕಲರ್ ಬಂತು. ಬೆಟ್ಟದ ಮೇಲಿನವರು ಇಗೋ ತರುತ್ತೇವೆ, ಅಗೋ ತರುತ್ತೇವೆ ಎನ್ನುವಷ್ಟರಲ್ಲಿ ಹೊರಗಿನ ಬಣ್ಣದ ಫಿಲ್ಮಿನ ಡಬ್ಬಿಗಳು ಪೇಟೆ ತುಂಬಿದವು. ಹಂಪಿಯಲ್ಲಿ ಪ್ರವಾಸಿಗಳ ಫೋಟೋ ತೆಗೆಯುತ್ತಿದ್ದ ಖಾಸಿಂ ಒಂದು ದಿನ ಬಂದು ಉಳಿದ ರೋಲುಗಳನ್ನು ವಾಪಸ್ ಇಟ್ಟ.

“ಮಾಮಾ, ತಪ್ಪು ತಿಳ್ಕಾಬ್ಯಾಡ. ನಿನ್ನ ಫಿಲ್ಮಿನಾಗ ಮದುಮಗಳೂ ಬಂಡೆಗಲ್ಲೂ ಒಂದs ಬಣ್ಣ ಕಾಣ್ತಾವು. ಗಂಡ ಯಾವ್ದನ್ನ ಕಟ್ಗೊಂಡಾನ ಅಂತ ನಾನs ಹೇಳ್ಬೇಕು.”

ಖಾಸಿಂನ ಹಿಂದೆ ಉಳಿದವರೂ ಹೋದರು. ಮುಂದೆ ಫಿಲ್ಮೇ ಬೇಡದ ಕ್ಯಾಮೆರಾ ಬಂತು, ಎಲುಬುಗಳೂ ಕಂಪ್ಯೂಟರಿಗೆ ಹೋದವು. ಕಾರ್ಖಾನೆ ಮುಚ್ಚಿದ ಸುದ್ದಿಯನ್ನು ಪೇಪರಿನ ಒಳಪುಟದಲ್ಲಿ ಓದಿ ನಾನು ಮುಂದಿನ ಪುಟ ತಿರುವಿದೆ. ಅಷ್ಟು ಹೊತ್ತಿಗೆ ನನ್ನ ಸ್ಟುಡಿಯೋ ಜೆರಾಕ್ಸ್ ಅಂಗಡಿಯಾಗಿತ್ತು. ಡಾರ್ಕ್‌ರೂಮಿನಲ್ಲಿ ಹೆಂಡತಿ ಒಣಮೆಣಸಿನಕಾಯಿ ಇಟ್ಟಿದ್ದಳು. ಬೆಳಕು ಬೀಳದಿದ್ದರೆ ಬಣ್ಣ ಕೆಡುವುದಿಲ್ಲವಂತೆ. ಆ ಕೋಣೆಯಲ್ಲಿ ಕಡೆಗೂ ಬಣ್ಣ ಉಳಿಯಿತಲ್ಲ ಎಂದು ಸಮಾಧಾನ ಪಟ್ಟುಕೊಂಡೆ.

ಕೆಲವು ವರ್ಷಗಳ ಹಿಂದೆ, ಒಂದು ಬೇಸಿಗೆಯಲ್ಲಿ, ಕಂಪ್ಲಿಯಿಂದ ರುದ್ರಮ್ಮ ಎಂಬ ವಯಸ್ಸಾದ ಹೆಂಗಸು ಅಂಗಡಿಗೆ ಬಂದರು. ಕೈಯಲ್ಲಿ ಕರವಸ್ತ್ರದ ಗಂಟು. ಬಿಚ್ಚಿದರೆ ನಮ್ಮ ಸರ್ಕಾರಿ ಫಿಲ್ಮಿನ ಒಂದು ರೋಲು, ಫೋಟೋ ತೆಗೆದು, ತೊಳೆಯದೆ ಹಾಗೇ ಇಟ್ಟದ್ದು.

“ಬಳ್ಳಾರ್ಯಾಗ ಕೇಳಿದ್ನಿರಿ. ಇದನ್ನ ಮ್ಯೂಸಿಯಮ್ಮಿಗೆ ಕೊಡಜ್ಜಿ ಅಂದ ಅಲ್ಲಿ ಹುಡುಗ. ನಿಮ್ಮನ್ನ ನೋಡಿದ್ರ ಸರಿಯಾದ ಜಾಗಕ್ಕs ಬಂದೀನಿ ಅನಸ್ತೈತಿ.”

ಅವರ ಗಂಡ ಡ್ಯಾಮಿನ ಕಾಲುವೆ ಆಫೀಸಿನಲ್ಲಿದ್ದವರು. ಒಬ್ಬಳೇ ಮಗಳು. ಅವಳ ಫೋಟೋ ಎಂದು ತೆಗೆದದ್ದು ಈ ರೋಲಿನಲ್ಲಿ ಮಾತ್ರ. ಅದು ಮುಗಿಯುವ ಮೊದಲೇ ಜ್ವರ ಬಂದು ಹುಡುಗಿ ತೀರಿಕೊಂಡಿದ್ದಳು.

“ನಮ್ಮನಿಯವ್ರು ಇದನ್ನ ಟ್ರಂಕಿನಾಗಿಟ್ಟು ಕೀಲಿ ಹಾಕಿಬಿಟ್ರು. ಅವ್ರು ಇರೋತನ ಯಾರಿಗೂ ಮುಟ್ಟಗೊಡ್ಲಿಲ್ಲ. ಈಗ ಅವ್ರೂ ಇಲ್ಲ.” ರುದ್ರಮ್ಮ ಖಾಲಿ ಕರವಸ್ತ್ರವನ್ನು ಮಡಿಸಿ ಮೊಣಕಾಲ ಮೇಲಿಟ್ಟುಕೊಂಡರು. “ನಂಗ ಅಕಿ ಲಂಗ ನೆನಪೈತಿ, ಜಡಿ ನೆನಪೈತಿ. ಮಖ ಬರವಲ್ದುರಿ. ಹೆತ್ತ ತಾಯಿಗೆ ಮಖ ಬರವಲ್ದು ಅಂದ್ರ ಯಾರಿಗೆ ಹೇಳ್ಲಿ.”

ಅಷ್ಟು ಹಳೆಯ ಫಿಲ್ಮಿನಲ್ಲಿ ಏನೂ ಉಳಿದಿರುವುದಿಲ್ಲ ಎಂದು ಹೇಳಬೇಕಾದ್ದು ನನ್ನ ಧರ್ಮ. ಆದರೆ ಸತ್ತುಹೋಗಿದ್ದ ಏಜೆಂಟ್ ಒಳಗಿನಿಂದ ಎದ್ದು ಕೂತು, “ನಮ್ಮ ಫಿಲ್ಮು ಗಟ್ಟಿ ಅಮ್ಮ, ಬರ್ತೈತಿ” ಎಂದುಬಿಟ್ಟ. ಬೆಂಗಳೂರಿನಿಂದ ಫಿಲ್ಮು ತೊಳೆಯುವ ಡೆವಲಪರ್ ಪುಡಿ ತರಿಸಿದೆ. ಅದು ಬಂದ ಮೇಲೆ ಕರೆದರೆ ರುದ್ರಮ್ಮ ಮೊದಲ ಬಸ್ಸಿಗೇ ಬಂದು ಡಾರ್ಕ್‌ರೂಮಿನ ಬಾಗಿಲಿಗೆ ಬೆನ್ನು ಕೊಟ್ಟು ಬೆಂಚಿನ ಮೇಲೆ ಕೂತರು.

ಗೊತ್ತಿಲ್ಲದವರಿಗೆ ಒಂದು ಮಾತು. ಫಿಲ್ಮನ್ನು ಗಾಢ ಕತ್ತಲಲ್ಲಿ, ಬರೀ ಬೆರಳಿನ ಸ್ಪರ್ಶದಿಂದ, ಸುರುಳಿಯಾಗಿ ತೋಡು ಕೊರೆದ ಒಂದು ಚಕ್ರಕ್ಕೆ ಏರಿಸಬೇಕು. ಚಕ್ರವನ್ನು ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದ ಮೇಲೆಯೇ ಬಾಗಿಲು ತೆಗೆಯಬಹುದು. ಅದಕ್ಕೆ ಮೊದಲು ಕೂದಲೆಳೆಯಷ್ಟು ಬೆಳಕು ಬಿದ್ದರೂ ಎಲ್ಲ ಮುಗಿದಂತೆ.

ಪುಡಿ ಕರಗಿಸಿ ಆರಿಸುವಷ್ಟರಲ್ಲಿ ನಡುಮಧ್ಯಾಹ್ನ. ದೆವ್ವಗಳೂ ಊಟ ಮಾಡಿ ಮಲಗುವ ಹೊತ್ತು. ಮೆಣಸಿನಕಾಯಿ ಚೀಲ ಹೊರಗಿಟ್ಟು ಒಳಗಿನಿಂದ ಚಿಲಕ ಹಾಕಿದೆ. ಮುದಿ ಫಿಲ್ಮು ಸುತ್ತಿದ್ದ ಕಾಗದ ಬಿಟ್ಟದ್ದೇ ತಡ, ಮುಳ್ಳುಹಂದಿಯಂತೆ ಮುದುಡಿಕೊಂಡಿತು. ಏರಿಸಿದರೆ ಜಾರುತ್ತದೆ, ಒತ್ತಿದರೆ ಮುರಿಯುವ ಸದ್ದು. ಕಮಟು ವಾಸನೆ, ಸೆಕೆ, ಗಾಳಿಯಿಲ್ಲ. ನನಗೆ ಆ ಕ್ಷಣ ಹುಡುಗಿಯೂ ನೆನಪಿರಲಿಲ್ಲ, ಅವಳ ತಾಯಿಯೂ ನೆನಪಿರಲಿಲ್ಲ. ಹೊರಗೆ ಹೋದರೆ ಸಾಕಾಗಿತ್ತು. ಚಿಲಕಕ್ಕೆ ಕೈ ಹಾಕಿದೆ.

ಯಾರೋ ನನ್ನ ಮಣಿಕಟ್ಟು ಹಿಡಿದರು.

ಗಟ್ಟಿಯಾಗಿ, ಆದರೆ ನೋವಾಗದಂತೆ. ಹಿಡಿದ ಕೈಗೆ ತೆಳುವಾದ ಹತ್ತಿಯ ಕೈಗವಸಿತ್ತು. ಅದರ ಹೊಲಿಗೆ ನನ್ನ ಚರ್ಮಕ್ಕೆ ತಾಗಿದ್ದು ಈಗಲೂ ಗೊತ್ತಾಗುತ್ತದೆ. ಆ ಕೈ ನನ್ನ ಕೈಯನ್ನು ಚಿಲಕದಿಂದ ಬಿಡಿಸಿ ಮೇಜಿಗೆ ತಂದಿಟ್ಟಿತು. ಮರುಗಳಿಗೆ ಫಿಲ್ಮಿನ ತುದಿ ನನ್ನ ಬೆರಳ ಸಂದಿಗೆ ಬಂತು, ನೆಟ್ಟಗೆ, ಯಾರೋ ಆ ತುದಿಯನ್ನು ಎಳೆದು ಹಿಡಿದಂತೆ. ಚಕ್ರ ತಿರುಗಿಸಿದೆ. ಎಣ್ಣೆ ಹಚ್ಚಿದ ದಾರದಂತೆ ಒಳಗೆ ಹೋಯಿತು. ಮುಚ್ಚಳಕ್ಕೆ ತಡಕಾಡಿದರೆ ಅದು ಅಂಗೈಯಲ್ಲೇ ಇತ್ತು. ಆಮೇಲೆ ಯಾರೂ ಇರಲಿಲ್ಲ.

ಬಾಗಿಲು ತೆಗೆದು, “ಒಳಗ ಯಾರಾರ ಬಂದ್ರೇನಮ್ಮ?” ಎಂದೆ.

“ಬಾಗ್ಲಿಗೆ ನಾನs ಕುಂತೀನಲ್ರಿ,” ಎಂದರು ರುದ್ರಮ್ಮ. “ನನ್ನ ದಾಟಿ ಸೊಳ್ಳಿನೂ ಹೋಗಿಲ್ಲ.”

ತೊಳೆದು ನೋಡಿದರೆ ರೋಲೆಲ್ಲ ಮಸಿ ಬಳಿದಂತಿತ್ತು. ಒಂದು ಚಿತ್ರ ಮಾತ್ರ ಬಂದಿತ್ತು. ಒಣಗಿಸಿ, ಕಂಪ್ಯೂಟರಿಗೆ ಹಾಕಿ, ನೆಗೆಟಿವಿನ ಕಪ್ಪನ್ನು ಬಿಳಿ, ಬಿಳಿಯನ್ನು ಕಪ್ಪು ಮಾಡಿದೆ. ಡ್ಯಾಮಿನ ಕಂಬಿ ಹಿಡಿದು ನಿಂತ ಹುಡುಗಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಗುತ್ತಿದ್ದಳು. ರುದ್ರಮ್ಮ ಪರದೆಯ ಹತ್ತಿರ ಹತ್ತಿರ ಬಂದರು.

“ಮುಂದಿನ ಹಲ್ಲು ಬಿದ್ದಿತ್ತು ನೋಡ್ರಿ,” ಎಂದರು. “ಅದನ್ನೂ ಮರ್ತಿದ್ನಿ.”

ಆಮೇಲೆ ನನ್ನ ಎರಡೂ ಕೈ ಹಿಡಿದು ತಮ್ಮ ಕಣ್ಣಿಗೆ ಒತ್ತಿಕೊಂಡರು. ಬಿಡಿಸಿಕೊಳ್ಳಲು ನೋಡಿದೆ. “ನಾನಲ್ಲಮ್ಮ” ಎಂದೆ.

“ಮತ್ತ್ಯಾರು?”

ನಾನು ತಲೆ ಬಗ್ಗಿಸಿ ಪ್ರಿಂಟರಿಗೆ ಕಾಗದ ಹಾಕಿದೆ. ಅವರು ಅದನ್ನು ದೊಡ್ಡತನವೆಂದು ತಿಳಿದರು. ಇದಕ್ಕಿಂತ ದೊಡ್ಡ ಅವಮಾನ ನನಗೆ ಜೀವನದಲ್ಲಿ ಆಗಿಲ್ಲ.

ಅಂಥ ಕೈಗವಸನ್ನು ನಾನು ಇನ್ನೊಂದೇ ಕಡೆ ಮುಟ್ಟಿದ್ದೆ. ವ್ಯಾಪಾರ ಜೋರಾಗಿದ್ದಾಗ ನಮ್ಮನ್ನು, ಏಜೆಂಟರನ್ನು, ಬೆಟ್ಟದ ಕಾರ್ಖಾನೆಗೆ ಕರೆಸಿ ತೋರಿಸಿದ್ದರು. ಅಲ್ಲಿ ಕೆಲವು ಕೋಣೆಗಳಲ್ಲಿ ಇಡೀ ಪಾಳಿ ಕತ್ತಲಲ್ಲೇ ಕೆಲಸ. ಒಳಗೆ ಹೋದ ಸ್ವಲ್ಪ ಹೊತ್ತಿಗೆ ನನಗೆ ದಿಕ್ಕು ತಪ್ಪಿ, ಗಾಬರಿಯಾಗಿ, ಸಿಕ್ಕಿದ ಬಾಗಿಲ ಹಿಡಿಕೆಗೆ ಕೈ ಹಾಕಿದ್ದೆ. ಕೈಗವಸು ತೊಟ್ಟ ಯಾರೋ ಕೆಲಸಗಾರ ಸದ್ದಿಲ್ಲದೆ ನನ್ನ ಮಣಿಕಟ್ಟು ಹಿಡಿದು ಬಿಡಿಸಿ, ಸರಿಯಾದ ದಾರಿಗೆ ನಡೆಸಿ ಹೊರಗೆ ಬಿಟ್ಟ. ಹೊರಗೆ ಚಹಾ, ಬಿಸ್ಕತ್ತು, ಭಾಷಣ ಇತ್ತು. ನಾನು ಹಾರಕ್ಕೆ ಕೊರಳು ಕೊಟ್ಟೆ. ಆ ಮನುಷ್ಯ ಯಾರು ಎಂದು ತಿರುಗಿ ನೋಡಲಿಲ್ಲ. ಕಾರ್ಖಾನೆ ಮುಚ್ಚಿದಾಗಲೂ ಅವನು ಏನಾದ ಎಂಬ ಯೋಚನೆ ಸುಳಿಯಲಿಲ್ಲ.

ಸೆಕೆಗೆ ತಲೆ ತಿರುಗಿ ಹಳೆಯ ನೆನಪು ಎದ್ದಿರಬೇಕು ಎನ್ನುತ್ತಾರೆ ನಮ್ಮ ಡಾಕ್ಟರು. ಇರಬಹುದು. ಆದರೆ ತಲೆ ತಿರುಗಿದವನು ಆ ಫಿಲ್ಮನ್ನು ಏರಿಸಿದ್ದು ಹೇಗೆ ಎಂದು ಕೇಳಿದರೆ ಅವರು ಬಿಪಿ ನೋಡಲು ಶುರು ಮಾಡುತ್ತಾರೆ. ನನಗಂತೂ ಇಂದಿಗೂ ತಿಳಿದಿಲ್ಲ.

ಪ್ರತಿ ಸುಗ್ಗಿಗೆ ರುದ್ರಮ್ಮ ಕಂಪ್ಲಿಯಿಂದ ಬಸ್ಸಿನಲ್ಲಿ ಒಂದು ಚೀಲ ಅಕ್ಕಿ ಕಳಿಸುತ್ತಾರೆ. ಬೇಡವೆಂದರೆ ಕೇಳುವುದಿಲ್ಲ. ಒಳ್ಳೆಯ ಅಕ್ಕಿ. ಹೆಂಡತಿ ಬಡಿಸುತ್ತಾಳೆ, ನಾನು ತಲೆ ತಗ್ಗಿಸಿ ಉಣ್ಣುತ್ತೇನೆ. ಅದು ಯಾರ ಮನೆಗೆ ಹೋಗಬೇಕಾದ ಅಕ್ಕಿ ಎಂದು ಕೇಳಿಟ್ಟುಕೊಳ್ಳಲು ಬೆಟ್ಟದ ಮೇಲೆ ಹಾರಕ್ಕೆ ಕೊರಳು ಕೊಟ್ಟ ಆ ದಿನ ನನಗೆ ಅವಕಾಶವಿತ್ತು.