ಒಬ್ಬನನ್ನು ಹೊರುವ ಗಾಲಿ

ನಾನು ಬದುಕಿನಲ್ಲಿ ಹೇಳಿದ ದೊಡ್ಡ ಸುಳ್ಳು ಒಂದು ಜೊತೆ ಸೈಕಲ್ ಗಾಲಿಯ ಬಗ್ಗೆ. ಕೇಳಿದವರು ನಗುವುದಾದರೆ ನಗಲಿ. ಹೇಳಿಸಿದ್ದು ಹೆದರಿಕೆ. ಅಷ್ಟು ಹೆದರಿಕೆ ನನಗೆ ಮುಂದೊಮ್ಮೆ ಹಾವು ಮೆಟ್ಟಿದಾಗಲೂ ಆಗಲಿಲ್ಲ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಮನೆ ಪುತ್ತೂರಿನ ಕಡೆಯ ಸವಣೂರು ಪೇಟೆಯಿಂದ ಮೂರು ಮೈಲು ಒಳಗೆ. ನಾನು ರಾಮಕುಂಜದ ಕಡೆಯ ಒಂದು ಶಾಲೆಯಲ್ಲಿ ಮಾಸ್ಟ್ರು. ಮಕ್ಕಳು ನನ್ನ ಚಪ್ಪಲಿಯ ಸದ್ದಿಗೇ ನಡುಗುತ್ತಿದ್ದರು, ಅಷ್ಟು ದೊಡ್ಡ ಶೂರ! ಆ ವರ್ಷ, ಸುಳ್ಯದ ಕಡೆಗೆ ಕೊಟ್ಟಿದ್ದ ಅಕ್ಕನನ್ನು ಅವಳ ಗಂಡನ ಮನೆಯವರು ತಂದು ನಮ್ಮ ಜಗಲಿಯಲ್ಲಿ ಬಿಟ್ಟು, ಒಂದು ಲೋಟ ನೀರೂ ಕುಡಿಯದೆ ಹೋದರು. ಅಕ್ಕನಿಗೆ ಕ್ಷಯ. ಮನೆಯಲ್ಲಿ ಆ ಶಬ್ದವನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ, ‘ಕೆಮ್ಮು ಉಂಟು’ ಎನ್ನುತ್ತಿದ್ದೆವು. ಅಮ್ಮ ಅವಳ ತಟ್ಟೆ ಲೋಟ ಬೇರೆ ಮಾಡಿ, ಹಿತ್ತಿಲಿಗೆ ಹೋಗಿ ಅತ್ತಳು.

ಅವಳನ್ನು ಪುತ್ತೂರಿಗೆ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ನನ್ನ ಸೈಕಲ್ಲಿನ ಎರಡು ಗಾಲಿಗಳೂ ಕೆಟ್ಟಿದ್ದವು. ರಿಮ್ಮು ಬಿರಿದು, ಕಡ್ಡಿಗಳು ದಿನಕ್ಕೊಂದರಂತೆ ಮುರಿಯುತ್ತಿದ್ದವು. ಹೇಗೂ ಪುತ್ತೂರಿಗೆ ಹೋಗುವುದುಂಟಲ್ಲ, ಬದಲಿಸಿ ತರುವ ಎಂದು ಅವನ್ನೂ ಬಿಚ್ಚಿ ಬಸ್ಸಿನ ಮೇಲೆ ಹಾಕಿದ್ದೆ.

ಡಾಕ್ಟರು ಎದೆ ನೋಡಿ ಹೇಳಿದರು, “ದಿನಕ್ಕೊಂದು ಇಂಜೆಕ್ಷನ್, ಮೂರು ತಿಂಗಳು. ನಡುವೆ ಬಿಟ್ರೆ ಮದ್ದು ಹಿಡಿಯುದಿಲ್ಲ. ಸವಣೂರಿನ ಕಂಪೌಂಡರು ಕೊಡ್ತಾರೆ. ನಿಮಗೆ ಸೈಕಲ್ ಉಂಟಲ್ಲ ಮಾಸ್ಟ್ರೇ, ಹಿಂದೆ ಕೂರಿಸಿ ಕರ್ಕೊಂಡು ಹೋಗಿ.”

ಮೂರು ಮೈಲು ಹೋಗುವುದು, ಮೂರು ಮೈಲು ಬರುವುದು, ಅವಳ ಬಾಯಿ ನನ್ನ ಕುತ್ತಿಗೆಯಿಂದ ಗೇಣು ದೂರದಲ್ಲಿ! ನನ್ನ ಜೊತೆ ಮಾಸ್ಟ್ರ ತರಬೇತಿಗೆ ಬಂದಿದ್ದ ಒಬ್ಬ ಇದೇ ಕಾಯಿಲೆಯಲ್ಲಿ ರಕ್ತ ಕಾರಿ ಸತ್ತದ್ದನ್ನು ಕಣ್ಣಾರೆ ನೋಡಿದ್ದೆ. ಅವನ ಚಾಪೆಯ ಪಕ್ಕದಲ್ಲೇ ನನ್ನ ಚಾಪೆ ಇತ್ತು. ಅಂದಿನಿಂದ ಒಂದು ಸೀನು ಬಂದರೂ ನಾನು ಕರವಸ್ತ್ರವನ್ನು ಬಿಡಿಸಿ ನೋಡುತ್ತಿದ್ದೆ.

ಅಲ್ಲಿಂದ ಅಕ್ಕನೊಡನೆ ಗಾಲಿ ಬದಲಿಸಲು ಹೋದಾಗ ಸೈಕಲ್ ಅಂಗಡಿಯ ಬ್ಯಾರಿ ಸಾಹೇಬರು ಎರಡು ಜೊತೆ ಗಾಲಿ ತಂದು ಗೋಡೆಗೆ ಒರಗಿಸಿದರು. ಕ್ರಯದಲ್ಲಿ ಹೆಚ್ಚು ಕಡಿಮೆ ಇರಲಿಲ್ಲ. ಒಂದು ಜೊತೆ ಹಳತು, ಕಪ್ಪು ಬಣ್ಣ ಬಳಿದದ್ದು, ದಪ್ಪ ಕಡ್ಡಿ, ಮೀನು ಮಾರುವವರು ಹಾಕಿಸುವಂಥದ್ದು. ಇನ್ನೊಂದು ಹೊಸತು, ಫಳಫಳ ಹೊಳೆಯುತ್ತಿತ್ತು. ಕಿರುಬೆರಳಲ್ಲಿ ಎತ್ತುವಷ್ಟು ಹಗುರ.

“ಚಂದ ನೋಡಿ ಮರುಳಾಗ್ಬೇಡಿ ಮಾರಾಯ್ರೆ,” ಎಂದರು ಸಾಹೇಬರು. “ಕಪ್ಪಿನ ಮೇಲೆ ಎರಡು ಮೂಟೆ ಹಾಕಿದ್ರೂ ಎಂತ ಆಗುದಿಲ್ಲ. ಈ ಹೊಸತು ಒಬ್ಬರಿಗೆ ಸರಿ. ಹಿಂದೆ ಯಾರನ್ನಾದ್ರೂ ಕೂರಿಸುದುಂಟಾ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನಗೆ. ಅಕ್ಕ ಅಲ್ಲೇ ಬೆಂಚಿನ ಮೇಲೆ ಸೆರಗಿನಿಂದ ಬಾಯಿ ಮುಚ್ಚಿ ಕೂತಿದ್ದಳು.

“ಇಲ್ಲ, ನಾನೊಬ್ಬನೇ,” ಎಂದೆ. ಮತ್ತೆ ಯಾರೂ ಕೇಳದಿದ್ದರೂ ದೊಡ್ಡ ಗಂಟಲಿನಲ್ಲಿ ವಿವರಿಸಿದೆ. ಶಾಲೆಯ ದಾರಿಯಲ್ಲಿ ಏರು ಜಾಸ್ತಿ, ಭಾರದ ಗಾಲಿ ತುಳಿದರೆ ಕಾಲು ಸೋಲುತ್ತದೆ, ಹಳತನ್ನು ನಂಬುವುದು ಹೇಗೆ, ಇನ್ನೂ ಏನೇನೋ. ಸಾಹೇಬರು ನನ್ನ ಮುಖ ನೋಡಿದರು, ಬೆಂಚಿನ ಕಡೆ ನೋಡಿದರು.

“ಹಗುರದ್ದೇ ತಗೋ,” ಎಂದಳು ಅಕ್ಕ. “ಮೂರು ಮೈಲು ಎಂತ ಮಹಾ, ನಾನು ನಡೀತೇನೆ.”

ಥೂ ನನ್ನ ಜನ್ಮಕ್ಕೆ! ಆಗ ನನಗೆ ನಾಚಿಕೆಯಾಗಲಿಲ್ಲ, ಜೀವ ಬಂದ ಹಾಗಾಯಿತು.

ಮರುದಿನದಿಂದ ಅವಳು ಬೆಳಕು ಹರಿಯುವ ಮೊದಲೇ ಹೊರಟು ನಡೆಯುತ್ತಿದ್ದಳು. ನಾನು ಆಮೇಲೆ ಸೈಕಲ್ಲಿನಲ್ಲಿ ಅವಳನ್ನು ದಾಟಿ ಹೋಗಿ ಕಂಪೌಂಡರ ಜಗಲಿಯಲ್ಲಿ ಕಾಯುತ್ತಿದ್ದೆ. ದಾಟುವಾಗ ಉಸಿರು ಬಿಗಿ ಹಿಡಿಯುತ್ತಿದ್ದೆ. ದಾರಿಯಲ್ಲಿ ಸಿಕ್ಕಿದವರು ಕೇಳಿದರೆ, ‘ಗಾಲಿ ತಡೆಯುದಿಲ್ಲ’ ಎನ್ನುತ್ತಿದ್ದೆ. ಎಷ್ಟು ಸಲ ಹೇಳಿದೆನೆಂದರೆ ನನಗೇ ಅದು ನಿಜವೆನಿಸತೊಡಗಿತ್ತು.

ಎರಡನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಎಷ್ಟು ಕಾದರೂ ಅಕ್ಕ ಬರಲಿಲ್ಲ. ಕಂಪೌಂಡರು ಅಂದು ಒಂಬತ್ತರ ಬಸ್ಸಿಗೆ ಪುತ್ತೂರಿಗೆ ಹೋಗುವವರಿದ್ದರು, ಬರುವುದು ಮರುದಿನವೇ. ನಾನು ಸೈಕಲ್ ತಿರುಗಿಸಿದೆ. ಅರ್ಧ ದಾರಿಯಲ್ಲಿ ಅವಳು ಒಂದು ಮುರಕಲ್ಲಿನ ಮೇಲೆ ಕೂತಿದ್ದಳು. ತುಟಿ ಬಿಳಚಿತ್ತು. ಸೆರಗಿನ ತುದಿಯನ್ನು ಮುಷ್ಟಿಯೊಳಗೆ ಬಚ್ಚಿಟ್ಟಿದ್ದಳು, ಆದರೂ ಕೆಂಪು ಕಾಣುತ್ತಿತ್ತು.

“ಇವತ್ತೊಂದು ದಿನ ಇಂಜೆಕ್ಷನ್ ಬಿಡುವಾ?” ಎಂದಳು.

ಅಯ್ಯೋ ದೇವರೇ! ನಡುವೆ ಬಿಟ್ಟರೆ ಮದ್ದು ಹಿಡಿಯುವುದಿಲ್ಲ ಎಂದ ಡಾಕ್ಟರ ಮಾತು ಕಿವಿಯಲ್ಲಿ ಹೊಡೆದ ಹಾಗಾಯಿತು. ಇವಳು ಸಾಯುತ್ತಾಳೆ, ನನ್ನಿಂದ ಸಾಯುತ್ತಾಳೆ. ನನಗೆ ರೋಗ ತಾಗುತ್ತದೆಂಬ ಹೆದರಿಕೆ ಹೋಯಿತೆಂದು ಹೇಳಿದರೆ ಅದೂ ಸುಳ್ಳೇ. ಅದು ಅಲ್ಲೇ ಇತ್ತು, ಅದಕ್ಕಿಂತ ದೊಡ್ಡ ಹೆದರಿಕೆ ಬಂದು ಅದನ್ನು ಮೂಲೆಗೆ ತಳ್ಳಿತು.

“ಹತ್ತು! ಹಿಂದೆ ಹತ್ತು!” ಎಂದು ಶಾಲೆಯ ಮಕ್ಕಳಿಗೆ ಗದರುವ ಹಾಗೆ ಗದರಿದೆ.

ಅವಳು ಎದ್ದು ಬಂದಳು. ಕ್ಯಾರಿಯರಿನ ಮೇಲೆ ನನಗೆ ಬೆನ್ನು ಹಾಕಿ, ಬಂದ ದಾರಿಯ ಕಡೆ ಮುಖ ಮಾಡಿ ಕೂತಳು. ಕೆಮ್ಮು ಬಂದಾಗ ಅವಳ ಬೆನ್ನಿನ ಎಲುಬು ನನ್ನ ಬೆನ್ನಿಗೆ ತಾಗುತ್ತಿತ್ತು. ಗಾಲಿ ಒಂದು ಕಡ್ಡಿಯನ್ನೂ ಮುರಿಯದೆ ಇಬ್ಬರನ್ನೂ ಹೊತ್ತಿತು. ಕಂಪೌಂಡರು ಬಾಗಿಲಿಗೆ ಬೀಗ ಹಾಕುವಷ್ಟರಲ್ಲಿ ತಲುಪಿದೆವು, ಇಂಜೆಕ್ಷನ್ ಸಿಕ್ಕಿತು.

ಮನೆಗೆ ಹೊರಟಾಗ ಅವಳು ಮತ್ತೆ ಹಾಗೆಯೇ ಕೂತಳು.

“ಬೀಳ್ತಿ ಅಕ್ಕ, ಈಚೆ ತಿರುಗಿ ಕೂತ್ಕೋ,” ಎಂದೆ.

“ಬೇಡ,” ಎಂದಳು ಅಕ್ಕ. “ನಿನಗೆ ಹೆದರಿಕೆ ಆಗ್ತದೆ.”